ಮಡ್ಡಿಯಿಲ್ಲದ ಬಾಟಲಿ

ಎರಡನೆಯ ಸಾನ್ನವನ್ನು ಮುರಿದು ಮೂಗಿನ ಹತ್ತಿರ ತಂದಾಗ ಹರಿಣಾಕ್ಷಿಗೆ ಅನುಮಾನ ಉಳಿಯಲಿಲ್ಲ. ಮೊದಲನೆಯದನ್ನು ತಿನ್ನುವಾಗ ನಾಲಗೆ ಮೋಸ ಮಾಡುತ್ತಿದೆಯೇನೋ ಅಂದುಕೊಂಡಿದ್ದಳು. ಈಗ ಮೂಗೂ ಅದನ್ನೇ ಹೇಳಿತು. ಇಡ್ಲಿಗಿಂತ ಬೆಳ್ಳಗೆ, ಇಡ್ಲಿಗಿಂತ ಮೆತ್ತಗೆ ಉಬ್ಬಿದ್ದ ಆ ಸಾನ್ನದೊಳಗಿಂದ ಕಳಿತ ಬಾಳೆಹಣ್ಣಿನ ವಾಸನೆ ಬರುತ್ತಿತ್ತು.

"ಕೋಳಿ ಸಾರು ಇನ್ನು ಸ್ವಲ್ಪ ಹಾಕ್ಲಾ ಹರಿಣಕ್ಕ?" ಮಾರ್ಗರೆಟ್ ಸೌಟು ಹಿಡಿದು ನಿಂತಿದ್ದಳು.

"ಸಾಕು ಬಾಯಿ. ಹಿಟ್ಟಿಗೆ ಬಾಳೆಹಣ್ಣು ಹಾಕಿದ್ದೀರಾ?"

"ಇಲ್ಲಪ್ಪ. ಸಾನ್ನಕ್ಕೆ ಯಾರು ಬಾಳೆಹಣ್ಣು ಹಾಕ್ತಾರೆ? ಅಕ್ಕಿ, ಉದ್ದು, ಉಪ್ಪು, ಸಕ್ಕರೆ. ಸಂಜೆ ಬಾಸಿಲನಿಗೋಸ್ಕರ ಪ್ರಾರ್ಥನೆಗೆ ಚರ್ಚಿನ ವಾರ್ಡಿನವರು ಬರ್ತಾರೆ, ಅವರಿಗೆ ಅಂತ ಮಾಡಿದ್ದು."

"ಮತ್ತೆ ಉಬ್ಬಲಿಕ್ಕೆ ಎಂತ ಹಾಕಿದ್ರಿ?"

ಸೌಟು ಪಾತ್ರೆಯ ಅಂಚಿಗೆ ತಾಗಿ ಸದ್ದಾಯಿತು. "ಯೀಸ್ಟ್. ಅಂಗಡಿಯ ಪ್ಯಾಕೆಟ್. ಇಲ್ಲಿ ಕಳ್ಳು ಎಲ್ಲಿ ಸಿಗ್ತದೆ?"

ಮಾತು ನಿಜವೇ. ಊರಲ್ಲಾದರೆ ಸಾನ್ನದ ಹಿಟ್ಟಿಗೆ ಬೆಳಗಿನ ಕಳ್ಳು ಹೊಯ್ದರೆ ಸಾಕು, ತಾನಾಗಿ ಉಬ್ಬುತ್ತದೆ. ಒಮಾನಿನಲ್ಲಿ ಆ ಭಾಗ್ಯವಿಲ್ಲದ ಕಾರಣ ಬಾಯಿ ಎಂದು ಕರೆಸಿಕೊಳ್ಳುವ ಮಂಗಳೂರಿನ ಕ್ರಿಸ್ತ ಹೆಂಗಸರೆಲ್ಲ ಬ್ರೆಡ್ಡಿನ ಯೀಸ್ಟಿಗೆ ಒಗ್ಗಿಕೊಂಡು ಹತ್ತು ಹದಿನೈದು ವರ್ಷವಾಗಿತ್ತು. ಆದರೆ ಪ್ಯಾಕೆಟಿನ ಯೀಸ್ಟು ಹಿಟ್ಟನ್ನು ಉಬ್ಬಿಸುತ್ತದೆಯೇ ಹೊರತು ಬಾಳೆಹಣ್ಣಿನ ವಾಸನೆ ಕೊಡುವುದಿಲ್ಲ.

ಹರಿಣಾಕ್ಷಿಗೆ ಗೊತ್ತಿದ್ದಂತೆ ಆ ವಾಸನೆಯ ಹೆಪ್ಪು ಈ ಸೀಮೆಯಲ್ಲಿ ಇದ್ದದ್ದು ಒಂದೇ ಕಡೆ. ಅಲ್ ಹೈಲ್‌ನಲ್ಲಿ, ಅವಳ ಎದುರು ಫ್ಲ್ಯಾಟಿನ ಆಲ್ಫ್ರೆಡ್ ಲೋಬೊನ ಸ್ಟೋರ್ ರೂಮಿನಲ್ಲಿ.

ಎಂಟು ದಿನದ ಹಿಂದೆ, ಗುರುವಾರ ಮಧ್ಯಾಹ್ನ, ಆಲ್ಫ್ರೆಡ್ ಮನೆಯಲ್ಲೇ ಮಾಡಿದ ಬಿಯರನ್ನು ಎಂಟು ಮಂದಿ ಕುಡಿದಿದ್ದರು. ಏಳು ಮಂದಿಗೆ ಏನೂ ಆಗಲಿಲ್ಲ, ಮಾರ್ಗರೆಟ್‌ಳ ತಮ್ಮ ಬಾಸಿಲ್ ಮಾತ್ರ ಎರಡೂ ಕಣ್ಣು ಕಳೆದುಕೊಂಡು ಆಸ್ಪತ್ರೆ ಸೇರಿದ್ದ.

ಆಲ್ಫ್ರೆಡ್ ಈಗ ಲಾಕಪ್ಪಿನಲ್ಲಿದ್ದ. ಮನೆಯಲ್ಲಿ ಬಿಯರ್ ಮಾಡಿದ್ದು ತಪ್ಪೇ, ಅದನ್ನು ಅವನೂ ಒಪ್ಪಿಕೊಂಡಿದ್ದ. ಅಷ್ಟಕ್ಕಾದರೆ ದಂಡ ಹಾಕಿ ಊರಿಗೆ ಕಳಿಸಿಯಾರು. ಆದರೆ ಇವನು ಮಾಡಿದ ಬಿಯರೇ ವಿಷವಾಯಿತು ಎಂದು ಬರೆದ ಫೈಲು ನಾಳೆ ಶನಿವಾರ ಬೆಳಿಗ್ಗೆ ಠಾಣೆಯಿಂದ ಕೋರ್ಟಿಗೆ ಹೋಗುವುದಿತ್ತು. ಹೋದರೆ ಜೈಲು, ಎಷ್ಟು ವರ್ಷವೆಂದು ಹೇಳುವವರಿಲ್ಲ. ಅವನ ಹೆಂಡತಿ ಇಸಾಬೆಲ್ಲಾ ಒಂದು ವಾರದಿಂದ ಒಲೆ ಹೊತ್ತಿಸಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಹರಿಣಾಕ್ಷಿಯ ಮನೆಯಲ್ಲೇ ತಿಂದು ಶಾಲೆಗೆ ಹೋಗುತ್ತಿದ್ದರು.

ಶನಿವಾರದೊಳಗೆ ಇದನ್ನು ಬಿಡಿಸುತ್ತೇನೆ ಎಂದು ಹರಿಣಾಕ್ಷಿ ಆ ಮಕ್ಕಳೆದುರು ಹೇಳಿಬಿಟ್ಟಿದ್ದಳು. ಅವಳು ಪೊಲೀಸೂ ಅಲ್ಲ, ವಕೀಲೆಯೂ ಅಲ್ಲ. ಅರಬರು ಲಬಾನ್ ಎನ್ನುವ ಮಜ್ಜಿಗೆಯ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಹೆಪ್ಪು ಕಾಯುವ, ಹುಳಿ ಅಳೆಯುವ ಲ್ಯಾಬ್ ಕೆಲಸದವಳು. ಅಜ್ಜ ಸಂಕಪ್ಪ ಪೂಜಾರಿ ಕಾಪುವಿನಲ್ಲಿ ಕಳ್ಳಿಳಿಸುವ ಮೂರ್ತೆದಾರ. ಮಡಕೆಯ ಬಾಯಿಗೆ ಮೂಗಿಟ್ಟು ಕಳ್ಳಿನ ವಯಸ್ಸು ಹೇಳುವ ವಿದ್ಯೆ ಅವಳಿಗೆ ಲಂಗ ಉಡುವ ವಯಸ್ಸಿನಲ್ಲೇ ಬಂದಿತ್ತು. ಹಠವೂ ಅಜ್ಜನದ್ದೇ.

ಅವಳು ಕೈ ತೊಳೆದು ಬಂದು ಕಿಟಕಿಯ ಹೊರಗೊಮ್ಮೆ ನೋಡಿದಳು. ಅಲ್ ಮವಾಲೇಹ್‌ನ ತರಕಾರಿ ಮಾರ್ಕೆಟು ಶುಕ್ರವಾರದ ನಮಾಜಿಗೆ ಖಾಲಿಯಾಗಿತ್ತು. ಕೆಳಗೆ ಬಿಳಿ ಕಾರಿನಲ್ಲಿ ಎಸಿ ಹಾಕಿಕೊಂಡು ಕ್ಯಾಸ್ಮಿರ್ ಪೊರ್ಬುಗಳು, ತುಳುವಿನಲ್ಲಿ ಕ್ರಿಸ್ತರ ಹಿರಿಯರನ್ನು ಕರೆಯುವ ಹಾಗೆ ಅವಳು ಕರೆಯುತ್ತಿದ್ದವರು, ಕಾಯುತ್ತಿದ್ದರು.

ಆಲ್ಫ್ರೆಡ್, ಬಾಸಿಲ್ ಇಬ್ಬರೂ ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ಸಿನ ಪಿಆರ್‌ಓ ಅವರು. ವೀಸಾ, ಪತಾಕೆ ಎನ್ನುವ ಗುರುತುಚೀಟಿ, ಪೊಲೀಸು, ಕಫೀಲ್ ಎನ್ನುವ ಅರಬಿ ಮಾಲೀಕ, ಎಲ್ಲ ಅವರ ಕೈಯಿಂದಲೇ ಆಗಬೇಕು. ಊರಿನವರ ಯಾವ ಮನೆಯ ನಾಮಕರಣದ ಫೋಟೊ ನೋಡಿದರೂ ಮೂಲೆಯಲ್ಲಿ ಅವರ ನರೆತ ಮೀಸೆ ಇರುತ್ತಿತ್ತು. ಇಂದು ಬೆಳಿಗ್ಗೆಯೂ, "ಶುಕ್ರವಾರ ಟ್ಯಾಕ್ಸಿ ಎಲ್ಲಿ ಸಿಗ್ತದೆ ನಿಮಗೆ, ನಾನು ಬಿಡ್ತೇನೆ" ಎಂದು ತಾವಾಗಿಯೇ ಬಂದಿದ್ದರು.

ಹರಿಣಾಕ್ಷಿ ಬಟ್ಟೆಚೀಲದಿಂದ ಟವೆಲು ಸುತ್ತಿದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ಕಂದು ಗಾಜು, ಪಿಂಗಾಣಿ ಬಿರಡೆ, ಬಿರಡೆಗೆ ತಂತಿಯ ಕೊಕ್ಕೆ. ತಳದಲ್ಲಿ ಎರಡು ಬೆರಳಷ್ಟು ಬಿಯರ್ ಇತ್ತು.

"ಇದು ಬಾಸಿಲ್ ಕುಡಿದ ಬಾಟಲಿ. ಇಸಾಬೆಲ್ಲಾ ಬಾಯಿಗೆ ಇವತ್ತು ಬೆಳಿಗ್ಗೆ ಆ ದಿನ ಅವನು ಕೂತಿದ್ದ ಬಾಲ್ಕನಿಯಲ್ಲಿ ಬಕೆಟಿನ ಹಿಂದೆ ಸಿಕ್ಕಿತು."

ಮಾರ್ಗರೆಟ್ ಬಾಟಲಿಯನ್ನು ನೋಡಲಿಲ್ಲ. ಗೋಡೆಯ ಮೇಲಿನ ಶಿಲುಬೆಯನ್ನು ನೋಡಿದಳು. "ಅದನ್ನು ನನಗೆ ಯಾಕೆ ತೋರಿಸ್ತೀರಿ?"

"ನೋಡಿ ಬಾಯಿ." ಹರಿಣಾಕ್ಷಿ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ತಳ ಎಷ್ಟು ತಿಳಿ ಉಂಟು ನೋಡಿ."

ಆಲ್ಫ್ರೆಡ್‌ನ ಕೆಲಸವನ್ನು ಅವಳು ಎಷ್ಟೋ ಸಲ ಬಾಗಿಲಲ್ಲಿ ನಿಂತು ನೋಡಿದ್ದಳು. ಪ್ರೆಸ್ಸಿನ ಇಂಗ್ಲಿಷ್ ಮ್ಯಾನೇಜರೊಬ್ಬ ಊರಿಗೆ ಹೋಗುವಾಗ ಬಿಟ್ಟುಹೋದ ಇಪ್ಪತ್ತೈದು ಲೀಟರಿನ ಬಿಳಿ ಡ್ರಮ್ಮು, ಮುಚ್ಚಳಕ್ಕೆ ಸಿಕ್ಕಿಸಿದ ಕೊಳವೆ, ಕೊಳವೆಯ ತುದಿ ಮುಳುಗಲು ಒಂದು ನೀರಿನ ಬಾಟಲಿ. ಡ್ರಮ್ಮಿನೊಳಗೆ ಅಮಲಿಲ್ಲದ ಮಾಲ್ಟ್ ಪಾನೀಯ, ಸಕ್ಕರೆ, ಆಮೇಲೆ ಆ ಮ್ಯಾನೇಜರು ತನ್ನ ದೇಶದಿಂದ ತಂದಿದ್ದ ಯೀಸ್ಟು. ಆ ಯೀಸ್ಟನ್ನು ಆಲ್ಫ್ರೆಡ್ ನಾಲ್ಕು ವರ್ಷದಿಂದ ಸಾಯಲು ಬಿಟ್ಟಿರಲಿಲ್ಲ. ಪ್ರತಿಸಲ ಡ್ರಮ್ಮಿನ ತಳದ ಮಡ್ಡಿಯಲ್ಲಿ ಒಂದು ಲೋಟ ತೆಗೆದು ಫ್ರಿಜ್ಜಿನಲ್ಲಿಡುವುದು, ಮುಂದಿನ ಸಲಕ್ಕೆ ಅದನ್ನೇ ಹೆಪ್ಪು ಹಾಕುವುದು.

ಹೊರಗೆ ನಲವತ್ತು ಡಿಗ್ರಿ ಇದ್ದಾಗ ಸ್ಟೋರ್ ರೂಮಿಗೆ ಎಸಿ, ಗಂಡಹೆಂಡಿರಿಗೆ ಫ್ಯಾನು. "ಸೆಕೆಯಾದರೆ ಯೀಸ್ಟಿನ ತಲೆ ಕೆಡ್ತದೆ ಅಕ್ಕ" ಎನ್ನುತ್ತಿದ್ದ. ಕೊಳವೆಯಲ್ಲಿ ಗುಳ್ಳೆ ನಿಂತರೂ ಅವಸರವಿಲ್ಲ. ಉಳಿದ ಸಕ್ಕರೆ ಅಳೆಯುವ ಗಾಜಿನ ತೇಲುಕಡ್ಡಿ ಮೂರು ದಿನ ಒಂದೇ ಗೆರೆಯಲ್ಲಿ ನಿಂತ ಮೇಲೆಯೇ ಬಾಟಲಿಗೆ ಇಳಿಸುವುದು. ಬಾಟಲಿ ತೊಳೆಯಲು ಹಾಲುಗೂಸಿನ ಬಾಟಲಿಗೆ ಹಾಕುವ ಮಾತ್ರೆ. ಪೂಜೆಗೆ ಕೂರುವ ಭಟ್ಟರಿಗೂ ಅಷ್ಟು ಮಡಿ ಇರಲಾರದು.

ಅಂಥವನ ಕೈಯಲ್ಲಿ ಬಿಯರ್ ಕೆಟ್ಟರೂ ಹುಳಿಯಾದೀತು, ನಾತ ಬಂದೀತು. ಡಾಕ್ಟರು ಬಾಸಿಲನ ರಕ್ತದಲ್ಲಿ ಕಂಡ ಸ್ಪಿರಿಟ್ಟು, ಪ್ರೆಸ್ಸಿನಲ್ಲಿ ಯಂತ್ರ ಒರೆಸುವಂಥ ಸ್ಪಿರಿಟ್ಟು, ಬಿಯರಿನಲ್ಲಿ ಕಣ್ಣು ತೆಗೆಯುವಷ್ಟು ಹುಟ್ಟುವುದಿಲ್ಲ. ಇದನ್ನು ಅವಳು ಮೊದಲ ದಿನದಿಂದ ಹೇಳುತ್ತಿದ್ದಳು. ಕೇಳುವವರಿರಲಿಲ್ಲ.

"ಬಾಟಲಿಗೆ ಇಳಿಸುವಾಗ ಆಲ್ಫ್ರೆಡ್ ಒಂದೊಂದು ಚಮಚ ಸಕ್ಕರೆ ಹಾಕ್ತಾನೆ" ಎಂದಳು. "ಆ ಸಕ್ಕರೆ ತಿಂದು ಯೀಸ್ಟು ಒಳಗೆ ಗ್ಯಾಸ್ ಮಾಡ್ತದೆ, ಮತ್ತೆ ತಳದಲ್ಲಿ ಬಿಳಿ ಮಡ್ಡಿಯಾಗಿ ಕೂರ್ತದೆ. ಮಡ್ಡಿ ಇಲ್ಲದ ಬಾಟಲಿ ಅವನ ಮನೆಯಲ್ಲಿ ಇಲ್ಲ. ನನ್ನ ಗಂಡ ಆ ದಿನ ಕುಡಿದ ಬಾಟಲಿಯನ್ನು ಮನಿಪ್ಲಾಂಟ್ ಹಾಕ್ಲಿಕ್ಕೆ ಅಂತ ಮನೆಗೆ ತಂದಿದ್ರು, ಅದರಲ್ಲೂ ಮಡ್ಡಿ ಉಂಟು. ಇದರಲ್ಲಿ ಇಲ್ಲ."

"ಕುಡಿಯುವಾಗ ಅದೂ ಹೊಟ್ಟೆಗೆ ಹೋಗಿರ್ಬಹುದು."

"ಮಡ್ಡಿ ಹೊಟ್ಟೆಗೆ ಹೋಗಿರ್ಬಹುದು, ಸದ್ದು ಎಲ್ಲಿಗೆ ಹೋಯ್ತು? ಎಲ್ಲರ ಬಾಟಲಿ ಟಪ್ ಅಂತ ತೆರೆಯಿತು. ಬಾಸಿಲನದ್ದು ಮಾತ್ರ ಮೂಕ ಇತ್ತಂತೆ, ನನ್ನ ಗಂಡನೇ ತಮಾಷೆ ಮಾಡಿದ್ದಂತೆ. ಅಂದರೆ ಇದನ್ನು ಮೊದಲೇ ಯಾರೋ ತೆರೆದಿದ್ದಾರೆ. ತೆರೆದು, ತೊಳೆದು, ಬೇರೆ ಎಂತದೋ ಸೇರಿಸಿ ತುಂಬಿಸಿದ್ದಾರೆ."

"ಅದಕ್ಕೂ ನನ್ನ ಸಾನ್ನಕ್ಕೂ ಎಂತ ಸಂಬಂಧ?"

ಬಾಟಲಿಗೂ ಸಾನ್ನಕ್ಕೂ ಸಂಬಂಧವಿದೆಯೆಂದು ಹರಿಣಾಕ್ಷಿ ಇನ್ನೂ ಹೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ತಟ್ಟೆಯ ಕಡೆ ನೋಡಿದಳು, ಮತ್ತೆ ಅಡುಗೆಮನೆಯ ಮೂಲೆಯ ಫ್ರಿಜ್ಜಿನ ಕಡೆ ನೋಡಿದಳು. ಮಾರ್ಗರೆಟ್ ಆಗಲೇ ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಾಗಿತ್ತು.

"ಆಲ್ಫ್ರೆಡ್ ಆ ಹೆಪ್ಪನ್ನು ಯಾರಿಗೂ ಕೊಟ್ಟವನಲ್ಲ" ಎಂದಳು ಹರಿಣಾಕ್ಷಿ. "ನಾನು ಒಮ್ಮೆ ಒಂದು ಚಮಚ ಕೇಳಿದ್ದಕ್ಕೆ, ಬೇಕಾದರೆ ಕಿಡ್ನಿ ಕೇಳಿ ಅಂದ. ನಿಮ್ಮ ಹಿಟ್ಟಿಗೆ ಅದು ಹೇಗೆ ಬಂತು?"

"ಪ್ಯಾಕೆಟ್ ಅಂತ ಹೇಳಿದೆನಲ್ಲ."

"ಹಾಗಾದರೆ ಫ್ರಿಜ್ ತೆಗೀರಿ."

"ನನ್ನ ಮನೆಯಲ್ಲಿ ನಿಂತು ನನ್ನ ಫ್ರಿಜ್ ತೆಗೀ ಅಂತೀರಾ?"

"ಅಂತೇನೆ. ನೀವು ತೆಗೀದಿದ್ದರೆ ನಾನು ಸಂಜೆಯವರೆಗೆ ಇಲ್ಲೇ ಕೂರ್ತೇನೆ. ವಾರ್ಡಿನವರು ಬಂದ ಮೇಲೆ ಅವರೆದುರೇ ಕೇಳ್ತೇನೆ."

ಹರಿಣಾಕ್ಷಿ ಕುರ್ಚಿ ಎಳೆದು ಕೂತೇಬಿಟ್ಟಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಈ ಹೆಂಗಸು ಏಳುವ ಪೈಕಿಯಲ್ಲ ಎಂದು ಮಾರ್ಗರೆಟ್‌ಗೆ ಖಾತ್ರಿಯಾಗಿರಬೇಕು. ಅವಳು ತಿರುಗಿ ಫ್ರಿಜ್ಜು ತೆಗೆದು, ಮೊಟ್ಟೆಯ ತಟ್ಟೆಯ ಹಿಂದಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ತಂದು ಮೇಜಿನ ಮೇಲೆ ಕುಕ್ಕಿದಳು.

ಅರ್ಧದವರೆಗೆ ಬೂದಿ ಬಿಳುಪಿನ ಮಡ್ಡಿ, ಮೇಲೆ ತೆಳು ನೊರೆ. ಮುಚ್ಚಳವನ್ನು ಬಿಗಿ ಮಾಡದೆ ಸಡಿಲ ಬಿಟ್ಟಿತ್ತು. ಗ್ಯಾಸು ತುಂಬಿ ಗಾಜು ಸಿಡಿಯಬಾರದೆಂದು ಬಲ್ಲವರು ಬಿಡುವ ಹಾಗೆ. ಹರಿಣಾಕ್ಷಿ ಮೂಗಿಟ್ಟು ನೋಡಿದಳು. ಅದೇ ಬಾಳೆಹಣ್ಣು.

"ಆ ಬುಧವಾರ ಸಂಜೆ" ಎಂದು ಮಾರ್ಗರೆಟ್ ಶುರು ಮಾಡಿದಳು. ಸ್ವರ ಇಳಿದಿತ್ತು. "ಪಾರ್ಟಿಗೆ ಮುಂಚಿನ ದಿನ. ಬಾಸಿಲ್ ಒಂದು ಬಾಟಲಿ ತಂದ. ಆಲ್ಫ್ರೆಡ್ ಕೊಟ್ಟದ್ದು, ರುಚಿ ನೋಡ್ಲಿಕ್ಕೆ ಅಂದ. ಬಿಯರನ್ನು ಜಗ್ಗಿಗೆ ಬಗ್ಗಿಸಿ ಇಟ್ಟ. ತಳದ್ದನ್ನು ಹಾಗೇ ಬಿಡ್ಲಿಕ್ಕಿದ್ದ. ನಾನೇ ಕೇಳಿದೆ. ಕಳ್ಳಿನ ಮಡ್ಡಿಯನ್ನು ಯಾರಾದರೂ ಹಾಳು ಮಾಡ್ತಾರಾ ಹರಿಣಕ್ಕ? ಇಲ್ಲಿಗೆ ಬಂದು ಒಂಬತ್ತು ವರ್ಷ ಆಯ್ತು, ಒಂದು ದಿನ ಸರಿಯಾದ ಸಾನ್ನ ತಿಂದವರಲ್ಲ ನಾವು. ನೀರು ಹಾಕಿ ಕುಲುಕಿ ಕುಲುಕಿ ಕಡೇ ಹನಿಯವರೆಗೆ ತೆಗೆದುಕೊಂಡೆ. ಮತ್ತೆ ದಿನಾ ಸಕ್ಕರೆ ನೀರು ಕೊಟ್ಟು ಬೆಳೆಸಿದೆ."

ಹರಿಣಾಕ್ಷಿ ಮೇಜಿನ ಮೇಲಿನ ಎರಡೂ ಬಾಟಲಿಗಳನ್ನು ನೋಡಿದಳು. ಈ ಹೆಂಗಸು ಒಂದು ಚಮಚ ಮಡ್ಡಿಯ ಆಸೆ ಬಿಟ್ಟಿದ್ದರೆ ಬಾಟಲಿಯ ತಳ ತಿಳಿಯಾಗುತ್ತಿರಲಿಲ್ಲ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಊರಿನ ಸಾನ್ನದ ಆಸೆ ಆಲ್ಫ್ರೆಡ್‌ನ ಜೀವಕ್ಕೆ ದಾರಿ ಮಾಡಿಕೊಟ್ಟಿತ್ತು.

"ಬಾಟಲಿಗೆ ವಾಪಸು ಎಂತ ತುಂಬಿಸಿದ?"

"ನಾನು ಹಿಟ್ಟು ಕಡೀತಾ ಇದ್ದೆ. ನೋಡ್ಲಿಲ್ಲ."

"ಬಾಯಿ."

"ನೋಡ್ಲಿಲ್ಲ ಅಂದರೆ ನೋಡ್ಲಿಲ್ಲ. ಜಗ್ಗಿನ ಬಿಯರನ್ನೇ ಮತ್ತೆ ಹೊಯ್ದ ಅಂತ ಗೊತ್ತು. ಬೇರೆ ಎಂತ ಅಂತ..." ಮಾರ್ಗರೆಟ್ ಕುರ್ಚಿಯಲ್ಲಿ ಕುಸಿದು ಕೂತಳು. "ಮಂಗಳವಾರ ಆಸ್ಪತ್ರೆಯಲ್ಲಿ ಅವನೇ ಹೇಳಿದ. ಅಲ್ಲಿಯವರೆಗೆ ನನಗೆ ದೇವರಾಣೆ ಗೊತ್ತಿರ್ಲಿಲ್ಲ."

ಬಾಸಿಲ್ ಆ ಬಾಟಲಿಯನ್ನು ತಾನೇ ಚೀಲದಲ್ಲಿಟ್ಟುಕೊಂಡು ಆಲ್ಫ್ರೆಡ್‌ನ ಮನೆಗೆ ಹೋಗಿದ್ದ. ತಾನೇ ಅದನ್ನು ಉಳಿದ ಬಾಟಲಿಗಳ ಜೊತೆ ಇಟ್ಟು, ತಾನೇ ಎತ್ತಿಕೊಂಡು ಕುಡಿದಿದ್ದ. ಕುಡಿದು ತನಗೆ ವಾಂತಿಯಾಗಬೇಕು, ಆಸ್ಪತ್ರೆಗೆ ಸೇರಬೇಕು, ಆಲ್ಫ್ರೆಡ್‌ನ ಕಳ್ಳ ಬಿಯರ್ ಹೊರಗೆ ಬಂದು ಅವನನ್ನು ಊರಿಗೆ ಕಳಿಸಬೇಕು. ಅಷ್ಟೇ ಅವನ ಲೆಕ್ಕಾಚಾರ. ಆಲ್ಫ್ರೆಡ್ ಹೋದರೆ ಪ್ರೆಸ್ಸಿನ ಸ್ಟೋರ್ ಇನ್‌ಚಾರ್ಜ್ ಕುರ್ಚಿ ಬಾಸಿಲನಿಗೆ.

ಹರಿಣಾಕ್ಷಿ ಕೇಳುತ್ತ ಕೂತಳು. ಅವಳಿಗೆ ಮೊದಲು ಸಿಟ್ಟು ಬಂತು, ಆಮೇಲೆ ಮರುಕ ಬಂತು, ಎರಡೂ ಒಟ್ಟಿಗೆ ಉಳಿದವು.

"ಒಂದೆರಡು ಸಲ ವಾಂತಿ ಆಗ್ತದೆ, ಎರಡು ದಿನ ತಲೆನೋವು, ಮತ್ತೆ ಎಲ್ಲ ಸರಿ ಆಗ್ತದೆ ಅಂತ ಹೇಳಿದ್ರಂತೆ" ಎಂದಳು ಮಾರ್ಗರೆಟ್. "ಈಗ ಮಧ್ಯಾಹ್ನ ಹನ್ನೆರಡು ಗಂಟೆಗೆ ನನ್ನ ಕೈ ಹಿಡಿದು, ಅಕ್ಕಾ, ಇನ್ನೂ ಬೆಳಗಾಗ್ಲಿಲ್ವಾ ಅಂತ ಕೇಳ್ತಾನೆ."

ಅವಳು ಅಳಲಿಲ್ಲ. ಅತ್ತು ಅತ್ತು ಮುಗಿದಿತ್ತೆಂದು ಮುಖವೇ ಹೇಳುತ್ತಿತ್ತು.

"ನನ್ನ ಜೊತೆ ಠಾಣೆಗೆ ಬನ್ನಿ" ಎಂದಳು ಹರಿಣಾಕ್ಷಿ. "ಈಗ ಹೇಳಿದ್ದನ್ನೇ ಅಲ್ಲಿ ಹೇಳಿ. ಹಾರ್ಲಿಕ್ಸ್ ಬಾಟಲಿ, ಈ ಬಾಟಲಿ, ನಿಮ್ಮ ಮಾತು. ಮೂರು ಸೇರಿದರೆ ಫೈಲು ನಿಲ್ತದೆ."

"ಇಲ್ಲ."

"ಆಲ್ಫ್ರೆಡ್‌ಗೂ ಮಕ್ಕಳಿದ್ದಾರೆ."

"ನನಗೆ ಇರುವುದು ಒಬ್ಬ ತಮ್ಮ. ಅಮ್ಮ ಸಾಯುವಾಗ ನನ್ನ ಮಡಿಲಲ್ಲಿ ಹಾಕಿ ಹೋದದ್ದು. ಕುರುಡನನ್ನು ನಾನೇ ಕೈ ಹಿಡಿದು ಜೈಲಿಗೆ ಬಿಟ್ಟು ಬರ್ಬೇಕಾ? ನಿಮ್ಮಿಂದ ಆಗ್ತದಾ ಅದು? ಹೇಳಿ."

ತನ್ನಿಂದ ಆಗುತ್ತಿತ್ತೋ ಇಲ್ಲವೋ ಹರಿಣಾಕ್ಷಿಗೇ ತಿಳಿಯದು. ಆದರೆ ನಾಳೆ ಬೆಳಿಗ್ಗೆ ಊಟದ ಡಬ್ಬಿಗೆ ಕೈ ಚಾಚುವ ಎರಡು ಹೆಣ್ಣುಮಕ್ಕಳಿಗೆ ಮುಖ ತೋರಿಸಬೇಕಾದವಳು ತಾನು ಎಂದು ತಿಳಿದಿತ್ತು. ಅವಳು ಬೇರೆ ಕಡೆಯಿಂದ ಎಳೆ ಹಿಡಿದಳು.

"ಹೇಳಿದ್ರಂತೆ ಅಂದಿರಿ. ಯಾರು?"

ಮಾರ್ಗರೆಟ್ ತಲೆ ತಗ್ಗಿಸಿ ಹಾರ್ಲಿಕ್ಸ್ ಬಾಟಲಿಯನ್ನು ದೂರ ಸರಿಸಿದಳು.

"ಪ್ರೆಸ್ಸಿನ ಸ್ಪಿರಿಟ್ಟು ವಿಷ ಅಂತ ಸ್ಟೋರಿನಲ್ಲಿ ಕೆಲಸ ಮಾಡುವ ಬಾಸಿಲನಿಗೆ ಗೊತ್ತಿರ್ತದೆ. ಗೊತ್ತಿದ್ದವ ಅದನ್ನು ತಾನಾಗಿ ಕುಡಿಯುವುದಿಲ್ಲ. ಬೇರೆ ಯಾರೋ ಬೇರೆ ಬಾಟಲಿಯಲ್ಲಿ, ಬೇರೆ ಹೆಸರು ಹೇಳಿ ಕೊಟ್ಟಿದ್ದಾರೆ. ಹೌದಾ?"

"ವಾಂತಿಯ ಮದ್ದು ಅಂತ ಕೊಟ್ಟದ್ದಂತೆ. ಸಣ್ಣ ಕುಪ್ಪಿಯಲ್ಲಿ."

"ಹಾಗಾದರೆ ನೀವು ಬಚ್ಚಿಡ್ತಾ ಇರುವುದು ತಮ್ಮನನ್ನಲ್ಲ ಬಾಯಿ. ತಮ್ಮನ ಕಣ್ಣು ತೆಗೆದವರನ್ನು."

ಈ ಮಾತು ತಾಗಿತು. ಮಾರ್ಗರೆಟ್ ತಲೆ ಎತ್ತಿದಳು. ಮಂಗಳವಾರದಿಂದ ತಮ್ಮನ ತಪ್ಪನ್ನೇ ಹೊತ್ತು ಕೂತಿದ್ದವಳಿಗೆ ಅದರ ಹಿಂದೆ ನಿಂತವರ ಮುಖವನ್ನು ನೇರವಾಗಿ ನೋಡುವ ಧೈರ್ಯ ಇಲ್ಲಿಯವರೆಗೆ ಬಂದಿರಲಿಲ್ಲ.

"ಆಲ್ಫ್ರೆಡ್‌ಗೆ ಏನೋ ಗೊತ್ತಾಗಿದೆಯಂತೆ. ಅದಕ್ಕೇ ಅವನು ಈ ದೇಶದಲ್ಲಿ ಇರಬಾರದು ಅಂದ್ರಂತೆ. ಎಂತ ಗೊತ್ತಾಗಿದೆ ಅಂತ ಬಾಸಿಲನಿಗೂ ಹೇಳ್ಲಿಲ್ಲ." ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ನಾನು ಬರ್ತೇನೆ. ಠಾಣೆಗೆ ಬರ್ತೇನೆ. ಬಾಸಿಲನದ್ದೂ ಹೇಳ್ತೇನೆ, ಅವರದ್ದೂ ಹೇಳ್ತೇನೆ."

"ಏಳಿ ಹಾಗಾದರೆ. ಕೆಳಗೆ ಕಾರ್ ಉಂಟು."

"ಆ ಕಾರಿನಲ್ಲಿ ನಾನು ಬರುವುದಿಲ್ಲ" ಎಂದಳು ಮಾರ್ಗರೆಟ್. "ಆ ಕುಪ್ಪಿ ಕೊಟ್ಟದ್ದು ಕ್ಯಾಸ್ಮಿರ್ ಬಾಬ್."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮತ್ತೆ ಆ ಬೇಲಿಯ ಆಸರೆಯಲ್ಲೇ ಹರಿಣಾಕ್ಷಿ ಇಲ್ಲಿಯವರೆಗೆ ಬಂದಿದ್ದಳು. ದಾರಿಯುದ್ದಕ್ಕೂ ಅವರಿಗೆ ಬಾಯಿಬಿಟ್ಟು ಹೇಳಿದ್ದನ್ನೆಲ್ಲ ನೆನೆಸಿಕೊಂಡಳು. ಬಾಟಲಿ ಸಿಕ್ಕಿದ್ದು, ತಳ ತಿಳಿಯಾಗಿದ್ದದ್ದು, ಮಾರ್ಗರೆಟ್‌ಳನ್ನು ಕೇಳಬೇಕೆಂದದ್ದು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಬೆಳಿಗ್ಗೆ ಅವರು ತಾವಾಗಿ ಬಾಗಿಲಿಗೆ ಬಂದಾಗಲೇ ಕೇಳಬೇಕಿತ್ತು, ಇಂದು ನಾನು ಹೊರಗೆ ಹೋಗುವುದಿದೆಯೆಂದು ಅವರಿಗೆ ಹೇಳಿದವರು ಯಾರು ಎಂದು.

ಅವಳು ಕಿಟಕಿಗೆ ಹೋಗಿ ನೋಡಿದಳು. ಬಿಳಿ ಕಾರು ಅಲ್ಲೇ ಇತ್ತು. ಒಳಗೆ ಯಾರೂ ಇರಲಿಲ್ಲ.

ಕಾಲಿಂಗ್ ಬೆಲ್ ಬಡಿಯಿತು.

ಮಾರ್ಗರೆಟ್ ಅವಳ ರಟ್ಟೆ ಹಿಡಿದಳು. ಹರಿಣಾಕ್ಷಿ ಕೈ ಬಿಡಿಸಿಕೊಂಡು, ಕಂದು ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. "ಬಾಗಿಲು ತೆಗೀದೆ ಇದ್ದರೆ ನಮಗೆ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಗ್ತದೆ" ಎಂದು ಮೆಲ್ಲಗೆ ಹೇಳಿದಳು. "ನಾನು ಮಾತಾಡ್ತೇನೆ. ನೀವು ಮುಖ ನೆಟ್ಟಗೆ ಇಟ್ಕೊಳ್ಳಿ." ಹೋಗಿ ಬಾಗಿಲು ತೆರೆದಳು.

ಕ್ಯಾಸ್ಮಿರ್ ಪೊರ್ಬುಗಳು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದರು. "ಆಯ್ತಾ ಹರಿಣಾಕ್ಷಿಯವರೇ? ಒಂದು ಗಂಟೆ ಆಯ್ತಲ್ಲ, ಎಂತ ಕಥೆ ಅಂತ ಮೇಲೆ ಬಂದೆ."

"ಆಯ್ತು. ಬಾಸಿಲನಿಗೆ ಹುಷಾರಿಲ್ಲ ಅಂತ ಬಾಯಿ ಬೇಜಾರಲ್ಲಿದ್ದಾರೆ. ಅವರನ್ನು ಕರ್ಕೊಂಡು ಆಸ್ಪತ್ರೆಗೆ ಹೋಗ್ತೇನೆ, ಮಾರ್ಕೆಟಿನ ಹತ್ತಿರ ಟ್ಯಾಕ್ಸಿ ಸಿಗ್ತದೆ. ನೀವು ಹೊರಡಿ ಪೊರ್ಬುಗಳೇ, ನಿಮಗೆ ಯಾಕೆ ತೊಂದರೆ."

"ತೊಂದರೆ ಎಂತದು." ಅವರ ಕಣ್ಣು ಅವಳ ಹೆಗಲಾಚೆ ಹೋಯಿತು. ಮೇಜಿನ ಮೇಲೆ ಮುಚ್ಚಳ ತೆಗೆದ ಹಾರ್ಲಿಕ್ಸ್ ಬಾಟಲಿ ಹಾಗೇ ಇತ್ತು. ಅವರು ಅದನ್ನು ನೋಡಿದರು, ಮಾರ್ಗರೆಟ್‌ಳ ಮುಖ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕು ಕೈ ಚಾಚಿದರು.

"ಚೀಲದಲ್ಲಿರುವ ಆ ಬಾಟಲಿ ಇಲ್ಲಿ ಕೊಡಿ. ನಾಳೆ ಬೆಳಿಗ್ಗೆ ಆಲ್ಫ್ರೆಡ್‌ನ ಫೈಲಿನ ಕೆಲಸಕ್ಕೆ ಠಾಣೆಗೆ ಹೋಗುವವ ನಾನೇ ಅಲ್ವಾ. ಅಲ್ಲಿ ಇದನ್ನೂ ಕೊಡ್ತೇನೆ."

ಹರಿಣಾಕ್ಷಿ ಚೀಲವನ್ನು ಎದೆಗೊತ್ತಿಕೊಂಡಳು. ಮಾತು ಬದಲಿಸಿ ಪ್ರಯೋಜನವಿಲ್ಲ ಎಂದು ಅವಳಿಗೆ ತಿಳಿದುಹೋಯಿತು.

"ಇದನ್ನು ಪೊಲೀಸರ ಕೈಗೆ ಕೊಡುವವಳು ನಾನು" ಎಂದಳು. "ನೀವು ದಾರಿ ಬಿಡಿ."

ಅವರು ದಾರಿ ಬಿಡಲಿಲ್ಲ. ಒಂದು ಹೆಜ್ಜೆ ಒಳಗಿಟ್ಟು, ಚಾಚಿದ ಕೈಯನ್ನು ಹಾಗೇ ಇರಿಸಿಕೊಂಡು, ಇನ್ನೊಂದು ಕೈಯಿಂದ ತಮ್ಮ ಬೆನ್ನ ಹಿಂದೆ ಬಾಗಿಲು ಮುಚ್ಚಿ ಚಿಲಕ ಹಾಕಿದರು.